ಜೋಳದ ತವರಿನಲ್ಲಿ ಹಸಿವು

ಗಾಣದಲ್ಲಿ ಶೇಂಗಾ ಅರೆದು ಎಣ್ಣೆ ಇಳಿಸಿಕೊಂಡ ಮೇಲೆ ಉಳಿಯುವ ಗಟ್ಟಿ ಬಿಲ್ಲೆಗೆ ನಮ್ಮ ಕಡೆ ಹಿಂಡಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ರಾತ್ರಿ ಅದನ್ನು ನೆನೆಹಾಕಿ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಎಮ್ಮೆಯ ಮುಂದೆ ಇಡುತ್ತಿದ್ದರು. ಚಿಕ್ಕಂದಿನಲ್ಲಿ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದ್ದೆ. ನಾಲಿಗೆಗೆ ತರಿತರಿ, ಗಂಟಲಿಗೆ ಒಗರು. ಎಷ್ಟು ಅಗಿದರೂ ಇಳಿಯದು. ಅಜ್ಜಿ ನೋಡಿ, ‘ದನದ ಬಾಯಿಂದ ಯಾಕ ಕಸೀತಿಯೋ’ ಎಂದು ಬೈದಿದ್ದಳು.

ಸುಡಾನಿನಲ್ಲೂ ಶೇಂಗಾ ಬೆಳೆಯುತ್ತಾರೆ. ಎಣ್ಣೆ ತೆಗೆದ ಹಿಂಡಿಯನ್ನು ದನಕ್ಕೂ ಒಂಟೆಗೂ ಹಾಕುತ್ತಾರೆ. ಅಲ್ಲಿ ಅದರ ಹೆಸರು ಅಂಬಾಜ್. 2025ರಲ್ಲಿ ಉತ್ತರ ದಾರ್ಫುರ್ ರಾಜ್ಯದ ರಾಜಧಾನಿ ಅಲ್ ಫಾಶರ್‌ನ ಜನ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು ಈ ಅಂಬಾಜ್ ತಿಂದು. ಊರಿನ ಸುತ್ತ ಒಂದೂವರೆ ವರ್ಷ ಮುತ್ತಿಗೆ. ಯಾರೂ ತಪ್ಪಿಸಿಕೊಂಡು ಹೋಗದಂತೆ, ಒಳಗೆ ಒಂದು ಚೀಲ ಹಿಟ್ಟೂ ಬಾರದಂತೆ, ಮುತ್ತಿಗೆ ಹಾಕಿದ ಅರೆಸೇನಾ ಪಡೆಯವರು ಊರಿನ ಸುತ್ತ ಮಣ್ಣಿನ ಏರಿ ಕಟ್ಟಿದರು. ನಮ್ಮಲ್ಲಿ ಏರಿ ಅಂದರೆ ಕೆರೆ, ನೀರು, ಬೆಳೆ. ಅಲ್ಲಿ ಅದರೊಳಗೆ ನಿಂತದ್ದು ಸುಮಾರು 2.6 ಲಕ್ಷ ಜನ. ಅವರಲ್ಲಿ ಅರ್ಧದಷ್ಟು ಮಕ್ಕಳು. ಕೊನೆಕೊನೆಗೆ ಅಂಬಾಜ್ ಕೂಡ ಸಿಗದಾಯಿತು.

ಈ ಸುದ್ದಿ ಓದುವಾಗ ನನಗೆ ಮತ್ತೆ ಮತ್ತೆ ಕಾಡಿದ ಸಂಗತಿ ಇನ್ನೊಂದಿದೆ. ನಮ್ಮ ರೊಟ್ಟಿಯ ಜೋಳ ಹುಟ್ಟಿದ್ದು ಆ ದೇಶದಲ್ಲಿ. ಪೂರ್ವ ಸುಡಾನಿನ ಕಸ್ಸಲಾ ಬಳಿಯ ಬಯಲಿನಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಮೂಡಿದೆ. ಕಾಡುಹುಲ್ಲನ್ನು ಮನುಷ್ಯ ಬೆಳೆಯಾಗಿ ಪಳಗಿಸಿದ್ದಕ್ಕೆ ಸಿಕ್ಕಿರುವ ಅತ್ಯಂತ ಹಳೆಯ ಗುರುತುಗಳಲ್ಲಿ ಅದೂ ಒಂದು. ಅಲ್ಲಿಂದ ಕಡಲು ದಾಟಿ ಬಂದ ಕಾಳು ಬಿಜಾಪುರ, ಗುಲಬರ್ಗಾ, ರಾಯಚೂರಿನ ಎರೆಹೊಲದಲ್ಲಿ ಬೇರು ಬಿಟ್ಟಿತು. ಸುಡಾನಿನವರು ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಾರೆ. ಕುದಿಯುವ ನೀರಿಗೆ ಹಾಕಿ ತಿರುವಿ, ನಮ್ಮ ಮುದ್ದೆಯಂತೆ ಅಸೀದಾ ಮಾಡುತ್ತಾರೆ. ಜಗತ್ತಿಗೆ ಜೋಳ ಕೊಟ್ಟ ನೆಲದಲ್ಲಿ 2024ರ ಆಗಸ್ಟ್‌ನಲ್ಲಿ ಕ್ಷಾಮ ಘೋಷಣೆಯಾಯಿತು. ಮೊದಲು ಅಲ್ ಫಾಶರ್ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ, ಆಮೇಲೆ ಬೇರೆ ಕಡೆಗಳಲ್ಲಿ. ಮಳೆ ಕೈಕೊಟ್ಟು ಬಂದ ಕ್ಷಾಮ ಅಲ್ಲ ಇದು. ಮನುಷ್ಯರು ಕೂತು ಯೋಚಿಸಿ ತಂದದ್ದು.

ಅಲ್ ಫಾಶರ್ ಹೆಸರು ಕನ್ನಡದ ಪತ್ರಿಕೆಗಳಲ್ಲಿ ಎದ್ದು ಕಂಡದ್ದು 2023ರ ಏಪ್ರಿಲ್‌ನಲ್ಲಿ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಕೊಂಡಿದ್ದರು. ಹಕ್ಕಿಪಿಕ್ಕಿಗಳು ಸುಡಾನಿನಲ್ಲಿ ಏನು ಮಾಡುತ್ತಿದ್ದರು ಎಂದು ಆಗ ಅನೇಕರು ಅಚ್ಚರಿಪಟ್ಟರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಗಿಡಮೂಲಿಕೆ, ತಲೆಗೆ ಹಚ್ಚುವ ಎಣ್ಣೆ, ಮಸಾಜಿನ ತೈಲ ಹೊತ್ತುಕೊಂಡು ಊರೂರು ತಿರುಗಿದ ಈ ಜನ, ಇಲ್ಲಿ ವ್ಯಾಪಾರ ಸಾಲದಾದಾಗ ಆಫ್ರಿಕಾದ ಹಾದಿ ಹಿಡಿದರು. ಮನೆಯೊಳಗೆ ವಾಗ್ರಿ ಮಾತನಾಡುವವರು, ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲವನ್ನೂ ನಿಭಾಯಿಸುವವರು. ಅಲ್ಲಿ ಅರಬ್ಬಿಯನ್ನೂ ಅಷ್ಟಿಷ್ಟು ಕಲಿತರು. ಕೆಲವರು ಸಾಲ ಮಾಡಿ ಸರಕು ಕೊಂಡು ಹೋಗಿದ್ದರು.

ಗುಂಡಿನ ಸದ್ದು ಶುರುವಾದಾಗ ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು ಕೂತರು. ನೀರು ಮುಗಿಯಿತು, ಅಕ್ಕಿ ಮುಗಿಯಿತು, ಮೊಬೈಲಿನ ಚಾರ್ಜ್ ಮುಗಿಯುತ್ತಾ ಬಂತು. ಅಷ್ಟರಲ್ಲಿ ಊರಿಗೆ ವಿಡಿಯೊ ಕಳಿಸಿದರು. ನಮ್ಮಲ್ಲಿ ಆಗ ವಿಧಾನಸಭಾ ಚುನಾವಣೆಯ ಕಾವು. ಸುದ್ದಿ ರಾಜಕೀಯದ ಜಗಳವಾಗಿಯೂ ಬೆಳೆಯಿತು. ಏಪ್ರಿಲ್ 24ರಂದು ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಆರಂಭಿಸಿತು. ನೌಕಾಪಡೆಯ ಸುಮೇಧಾ, ತೇಗ್, ತರ್ಕಶ್ ಹಡಗುಗಳು ಪೋರ್ಟ್ ಸುಡಾನಿನಿಂದ ಕೆಂಪು ಸಮುದ್ರ ದಾಟಿಸಿ ಜಿದ್ದಾಕ್ಕೆ ಜನರನ್ನು ತಲುಪಿಸಿದವು. ಖಾರ್ಟೂಮಿನ ಉತ್ತರಕ್ಕಿರುವ ವಾದಿ ಸೈದ್ನಾ ಎಂಬಲ್ಲಿ, ದೀಪವಿಲ್ಲದ ಹಾಳು ರನ್‌ವೇ ಮೇಲೆ ನಮ್ಮ ವಾಯುಪಡೆಯ ಪೈಲಟ್‌ಗಳು ಕತ್ತಲಲ್ಲಿ ವಿಮಾನ ಇಳಿಸಿ 121 ಜನರನ್ನು ಹೊತ್ತು ತಂದರು. ಒಟ್ಟು 3,862 ಮಂದಿ ತಾಯ್ನಾಡು ಸೇರಿದರು. ಏಪ್ರಿಲ್ 28ರಂದು 362 ಜನರನ್ನು ಹೊತ್ತ ವಿಮಾನ ಬೆಂಗಳೂರಿಗೇ ಬಂತು. ಅದರಲ್ಲಿ ಹಕ್ಕಿಪಿಕ್ಕಿಗಳೂ ಇದ್ದರು.

ಇದರ ಬಗ್ಗೆ ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ನನಗೂ ಹೆಮ್ಮೆ ಇದೆ. ಆದರೆ ನಮ್ಮವರು ಬಂದ ಮರುದಿನದಿಂದ ಸುಡಾನ್ ನಮ್ಮ ಪತ್ರಿಕೆಗಳಿಂದ ಮಾಯವಾಯಿತು. ನಮ್ಮವರಿಂದ ಎಣ್ಣೆ ಕೊಂಡವರು, ಬಾಡಿಗೆಗೆ ಮನೆ ಕೊಟ್ಟವರು, ಪಕ್ಕದ ಮನೆಯವರು ಅಲ್ಲೇ ಉಳಿದರು. ಅವರಿಗಾಗಿ ಯಾವ ನದಿಯ ಹೆಸರಿನ ಕಾರ್ಯಾಚರಣೆಯೂ ಇರಲಿಲ್ಲ.

ಯುದ್ಧ ಶುರುವಾದದ್ದು ಏಪ್ರಿಲ್ 15ರ ಶನಿವಾರ, ರಂಜಾನ್ ಉಪವಾಸದ ಕೊನೆಯ ದಿನಗಳಲ್ಲಿ. ಒಂದು ಕಡೆ ಸೇನಾ ಮುಖ್ಯಸ್ಥ ಅಬ್ದೆಲ್ ಫತಾ ಅಲ್ ಬುರ್ಹಾನ್. ಇನ್ನೊಂದು ಕಡೆ ರ‍್ಯಾಪಿಡ್ ಸಪೋರ್ಟ್ ಫೋರ್ಸಸ್, ಅಂದರೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಒಡೆಯ ಮೊಹಮದ್ ಹಮ್ದಾನ್ ದಗಾಲೊ. ಜನ ಕರೆಯುವುದು ಹೆಮೆಡ್ಟಿ ಎಂದು. ಇಬ್ಬರೂ ಶತ್ರುಗಳಾಗಿ ಹುಟ್ಟಿದವರಲ್ಲ. 2021ರ ಅಕ್ಟೋಬರ್‌ನಲ್ಲಿ ನಾಗರಿಕ ಪ್ರಧಾನಿ ಅಬ್ದಲ್ಲಾ ಹಮ್ದೋಕ್ ಅವರ ಸರ್ಕಾರವನ್ನು ಇಬ್ಬರೂ ಕೂಡಿಯೇ ಉರುಳಿಸಿದ್ದರು. ಅರೆಸೇನಾ ಪಡೆ ಸೇನೆಯೊಳಗೆ ವಿಲೀನವಾಗಬೇಕು ಎಂಬ ಮಾತು ಬಂದಾಗ ಎಷ್ಟು ವರ್ಷದಲ್ಲಿ ಎಂಬ ಪ್ರಶ್ನೆ ಎದ್ದಿತು. ಸೇನೆ ಎರಡು ವರ್ಷ ಅಂದಿತು. ಆರ್‌ಎಸ್‌ಎಫ್ ಹತ್ತು ವರ್ಷ ಅಂದಿತು. ಎರಡು ಮತ್ತು ಹತ್ತರ ನಡುವಿನ ಈ ಎಂಟು ವರ್ಷಕ್ಕಾಗಿ 1.2 ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಇಡೀ ಬೆಂಗಳೂರು ಖಾಲಿಯಾದಂತೆ. ಸತ್ತವರು ಒಂದೂವರೆ ಲಕ್ಷದವರೆಗೆ ಇರಬಹುದು ಎಂದು ಅಮೆರಿಕದ ಅಂದಿನ ವಿಶೇಷ ರಾಯಭಾರಿ ಟಾಮ್ ಪೆರಿಯೆಲ್ಲೊ 2024ರಲ್ಲೇ ಹೇಳಿದ್ದರು. ಅದಾದ ಮೇಲೂ ಸಾವು ನಿಂತಿಲ್ಲ.

ನಮ್ಮ ಸುದ್ದಿಮನೆಗಳಲ್ಲಿ ಇಂಥ ಯುದ್ಧಗಳಿಗೆ ಒಂದು ಸಿದ್ಧ ಪದ ಇದೆ: ‘ಬುಡಕಟ್ಟು ಕಲಹ’. ಆ ಪದ ಓದಿದವರು ಪುಟ ತಿರುಗಿಸುತ್ತಾರೆ. ಅವರವರ ಹಳೆಯ ಜಗಳ, ನಮಗೇಕೆ ಎಂದು. ಈ ಪದವನ್ನು ನಾನು ಒಪ್ಪುವುದಿಲ್ಲ. ದಾರ್ಫುರ್‌ನಲ್ಲಿ ಒಂಟೆ ಕಾಯುವ ಅರಬ್ಬಿ ಮಾತಿನ ಕುಲಗಳೂ ಫೂರ್, ಮಸಾಲಿತ್, ಜಘಾವಾ ಕುಲಗಳೂ ನೂರಾರು ವರ್ಷ ಅಕ್ಕಪಕ್ಕ ಬಾಳಿದವು. ಸುಗ್ಗಿ ಮುಗಿದ ಮೇಲೆ ದನಗಾಹಿಗಳು ಹೊಲಕ್ಕೆ ಇಳಿಯುತ್ತಿದ್ದರು. ಕೂಳೆ ಮೇಯುತ್ತಿದ್ದ ದನಗಳ ಗೊಬ್ಬರ ರೈತನಿಗೆ ಸಿಗುತ್ತಿತ್ತು. ನಮ್ಮಲ್ಲಿ ಹೊಲದಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ಹಾಗೆಯೇ. ಜಗಳ ಆಗುತ್ತಿರಲಿಲ್ಲವೆಂದಲ್ಲ. ಆದಾಗ ಎರಡೂ ಕಡೆಯ ಹಿರಿಯರು ಮರದ ಕೆಳಗೆ ಕೂತು ದಂಡ ಕಟ್ಟಿಸಿ ಮುಗಿಸುತ್ತಿದ್ದರು. 1980ರ ದಶಕದ ಬರ ಮೇವಿನ ದಾರಿಗಳನ್ನು ಒಣಗಿಸಿತು. ಆಮೇಲೆ ಬಂದದ್ದು ಬಂದೂಕು. 2003ರಲ್ಲಿ ದಾರ್ಫುರ್ ದಂಗೆ ಎದ್ದಾಗ ಅಧ್ಯಕ್ಷ ಒಮರ್ ಅಲ್ ಬಶೀರ್ ಒಂದು ಕಡೆಯವರ ಕೈಗೆ ಆಯುಧ ಕೊಟ್ಟು ಇನ್ನೊಂದು ಕಡೆಯವರ ಮೇಲೆ ಬಿಟ್ಟರು. ಆ ಆಯುಧಧಾರಿಗಳ ಜಂಜಾವೀದ್ ಎಂಬ ಹೆಸರು ಜಗತ್ತಿಗೆ ಗೊತ್ತಾದದ್ದು ಆಗ. ವಿಶ್ವಸಂಸ್ಥೆಯ ಅಂದಾಜಿನಂತೆ ಸತ್ತವರು ಮೂರು ಲಕ್ಷ. ಅದೇ ಜಂಜಾವೀದ್ 2013ರಲ್ಲಿ ಸಮವಸ್ತ್ರ ತೊಟ್ಟು ಆರ್‌ಎಸ್‌ಎಫ್ ಆಯಿತು. ಜಗಳ ಕುಲದ್ದಿರಬಹುದು. ಕೊಲೆಯ ಏರ್ಪಾಡು ಮಾತ್ರ ಸರ್ಕಾರದ್ದು.

ಆ ಏರ್ಪಾಡಿಗೆ ದುಡ್ಡು ಎಲ್ಲಿಂದ? 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ಮುಕ್ಕಾಲು ಪಾಲು ತೈಲ ಅದರ ಜೊತೆ ಹೋಯಿತು. ಮರುವರ್ಷವೇ ಉತ್ತರ ದಾರ್ಫುರ್‌ನ ಜೆಬೆಲ್ ಆಮಿರ್ ಬೆಟ್ಟದಲ್ಲಿ ಚಿನ್ನ ಸಿಕ್ಕಿತು. ಒಂಟೆ ವ್ಯಾಪಾರ ಮಾಡಿಕೊಂಡಿದ್ದ ಹೆಮೆಡ್ಟಿ 2017ರಲ್ಲಿ ಆ ಗಣಿಯನ್ನು ಕೈವಶ ಮಾಡಿಕೊಂಡು ದೇಶದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಅದಕ್ಕೂ ಮೊದಲೇ ಯೆಮನ್ ಯುದ್ಧಕ್ಕೆ ಕೂಲಿ ಸೈನಿಕರನ್ನು ಕಳಿಸಿ ಕೊಲ್ಲಿ ದೇಶಗಳ ಹಣ ಪಡೆದಿದ್ದರು. ಸುಡಾನಿನ ಚಿನ್ನದ ಬಹುಪಾಲು ಹೋಗುವುದು ಸಂಯುಕ್ತ ಅರಬ್ ಸಂಸ್ಥಾನಕ್ಕೆ. ಆರ್‌ಎಸ್‌ಎಫ್‌ಗೆ ಆಯುಧ ಬರುವುದೂ ಅಲ್ಲಿಂದಲೇ ಎಂಬುದು ಸುಡಾನ್ ಸೇನೆಯ ಆರೋಪ. ಆ ದೇಶ ಇದನ್ನು ಅಲ್ಲಗಳೆಯುತ್ತಲೇ ಬಂದಿದೆ. ಸೇನೆಯೂ ಬರಿಗೈಯಲ್ಲಿಲ್ಲ. ಈಜಿಪ್ಟ್ ಅದರ ಬೆನ್ನಿಗಿದೆ, ಇರಾನಿನ ಮತ್ತು ಟರ್ಕಿಯ ಡ್ರೋನ್‌ಗಳು ಅದಕ್ಕಾಗಿ ಹಾರುತ್ತಿವೆ. ಸೇನೆಯ ಬಾಂಬುಗಳೂ ಸಂತೆಗಳ ಮೇಲೆ ಬಿದ್ದಿವೆ. ಚಿನ್ನ ಒಮ್ಮೆ ಕರಗಿದ ಮೇಲೆ ಅದಕ್ಕೆ ಊರಿಲ್ಲ. ದುಬೈ ಪೇಟೆಯ ಚಿನ್ನ ನಮ್ಮ ಪೇಟೆಗೂ ಬರುತ್ತದೆ. ನಮ್ಮ ಮದುವೆಯ ಸರದಲ್ಲಿ ಯಾವ ಬೆಟ್ಟದ ಚೂರು ಇದೆ ಎಂದು ಅಕ್ಕಸಾಲಿಗನೂ ಹೇಳಲಾರ.

ಚಿನ್ನದ ಮಾತಾಯಿತು, ಅಂಟಿನ ಮಾತೂ ಹೇಳಬೇಕು. ಹಶಾಬ್ ಎಂಬುದು ನಮ್ಮ ಜಾಲಿಯ ಸಂಬಂಧಿ ಮರ. ಅದರ ತೊಗಟೆ ಗೀರಿದರೆ ಒಸರುವ ಅಂಟು ತಂಪು ಪಾನೀಯದಿಂದ ಮಾತ್ರೆಯವರೆಗೆ ಎಲ್ಲಕ್ಕೂ ಬೇಕು. ಜಗತ್ತಿಗೆ ಬೇಕಾದ ಅಂಟಿನಲ್ಲಿ ಮುಕ್ಕಾಲು ಪಾಲಿನಷ್ಟು ಸುಡಾನಿನದು. ಕೊರ್ದೊಫಾನ್, ದಾರ್ಫುರ್ ಕಾಡುಗಳದ್ದು. ಆ ಕಾಡುಗಳ ದಾರಿಯಲ್ಲಿ ಈಗ ಬಂದೂಕಿನವರು ಸುಂಕ ವಸೂಲಿ ಮಾಡುತ್ತಾರೆ. ಪುಟ್ಟ ಕೊಡಲಿ ಹಿಡಿದು ಬೆಳಗಿನಿಂದ ಸಂಜೆವರೆಗೆ ಮರ ಗೀರುವ ಬಡವನ ದುಡಿಮೆಯಿಂದಲೂ ಗುಂಡು ಕೊಳ್ಳಬಹುದು ಎಂಬುದನ್ನು ಈ ಯುದ್ಧ ತೋರಿಸಿತು.

ನಾವು ದೂರ ನಿಂತು ನೋಡುವವರೂ ಅಲ್ಲ. ಸುಡಾನಿನ ಮೊದಲ ಸಾರ್ವತ್ರಿಕ ಚುನಾವಣೆ 1953ರಲ್ಲಿ ನಡೆದಾಗ ಅದರ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡಕ್ಕೆ ಸುಡಾನ್ ಬ್ಲಾಕ್ ಎಂದು ಹೆಸರು. ಎರಡನೇ ಮಹಾಯುದ್ಧದಲ್ಲಿ ತಮ್ಮ ನೆಲ ಕಾಯಲು ಹೋರಾಡಿ ಮಡಿದ ಭಾರತೀಯ ಸೈನಿಕರ ನೆನಪಿಗೆಂದು ಸುಡಾನಿನವರು ಕೊಟ್ಟ ಒಂದು ಲಕ್ಷ ಪೌಂಡ್‌ನಲ್ಲಿ ಭಾರತದ ಪಾಲಿಗೆ ಬಂದ ಹಣ ಆ ಕಟ್ಟಡಕ್ಕೆ ಸೇರಿದೆ. ಅದೇ ನಾವು, ದಾರ್ಫುರ್ ಹೊತ್ತಿ ಉರಿಯತೊಡಗಿದ 2003ರಲ್ಲೇ, ಸುಡಾನಿನ ತೈಲ ಯೋಜನೆಯಲ್ಲಿ ಕಾಲು ಪಾಲು ಕೊಂಡೆವು. ಎಣ್ಣೆ ಬಂತು, ಬಶೀರ್ ಸರ್ಕಾರಕ್ಕೆ ದುಡ್ಡು ಹೋಯಿತು. ಎರಡೂ ನಮ್ಮ ಲೆಕ್ಕದಲ್ಲೇ ಇವೆ.

ಆಫ್ರಿಕಾ ಖಂಡದ ಬೇರೆ ಕಡೆಗಳಲ್ಲೂ ಇದೇ ಹೆಣಿಗೆ ಕಾಣುತ್ತದೆ, ಬಣ್ಣ ಬೇರೆ. ಕಾಂಗೋದ ಪೂರ್ವದಲ್ಲಿ ರುಬಾಯಾ ಎಂಬ ಗುಡ್ಡದೂರು. ಜಗತ್ತಿನ ಟ್ಯಾಂಟಲಮ್ಮಿನಲ್ಲಿ ಶೇ 15ರಷ್ಟು ಅಲ್ಲಿಯ ಕೋಲ್ಟಾನ್ ಮಣ್ಣಿನಿಂದ ಬರುತ್ತದೆ; ನಮ್ಮ ಮೊಬೈಲಿನೊಳಗೆ ಕೂತಿರುವ ಲೋಹ ಅದು. ಸಲಿಕೆ ಹಿಡಿದು ಆ ಮಣ್ಣು ಅಗೆಯುವವರು 2024ರಿಂದ ಎಂ23 ಬಂಡುಕೋರರ ಕೈಕೆಳಗಿದ್ದಾರೆ. ಅವರಿಗೆ ರುವಾಂಡಾದ ಬೆಂಬಲ ಇದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. 2025ರ ಜನವರಿಯಲ್ಲಿ ಗೋಮಾ ನಗರ, ಫೆಬ್ರುವರಿಯಲ್ಲಿ ಬುಕಾವು ಅವರ ವಶವಾದವು. ಬುಕಾವುನಲ್ಲೇ ಇದೆ ಡಾ. ಡೆನಿಸ್ ಮುಕ್ವೆಗೆ ಅವರ ಪಾಂಜಿ ಆಸ್ಪತ್ರೆ. ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ ಸಾವಿರಾರು ಹೆಣ್ಣುಮಕ್ಕಳ ಗಾಯ ಹೊಲಿದ ವೈದ್ಯರು ಅವರು. 2018ರ ನೊಬೆಲ್ ಶಾಂತಿ ಪುರಸ್ಕೃತರು. ಇಥಿಯೋಪಿಯಾದ ಟಿಗ್ರೇ ಯುದ್ಧ ಎರಡು ವರ್ಷ ನಡೆದು 2022ರ ನವೆಂಬರ್‌ನಲ್ಲಿ ಪ್ರಿಟೋರಿಯಾ ಒಪ್ಪಂದದಲ್ಲಿ ಮುಗಿಯಿತು. ಸತ್ತವರು ಆರು ಲಕ್ಷದವರೆಗೆ ಎಂದು ಸಂಧಾನ ಮಾಡಿದ ಒಬಸಾಂಜೊ ಅವರೇ ಅಂದಾಜಿಸಿದರು. ಆ ಯುದ್ಧದ ಬಗ್ಗೆ ಎಷ್ಟು ಜನರಿಗೆ ಗೊತ್ತು?

ಹಾಗೆಂದು ಇಡೀ ಆಫ್ರಿಕಾ ಉರಿಯುತ್ತಿದೆ ಎಂದು ತಿಳಿಯಬಾರದು. ಅದು 54 ದೇಶಗಳ ಖಂಡ. ಬೋಟ್ಸ್ವಾನಾ, ಜಾಂಬಿಯಾ, ಮಲಾವಿ ಸ್ವಾತಂತ್ರ್ಯದ ನಂತರ ಅಂತರ್ಯುದ್ಧವನ್ನೇ ಕಂಡಿಲ್ಲ. ಉರಿದ ದೇಶಗಳಲ್ಲೂ ಬೆಂಕಿ ಆರಿದ್ದಿದೆ. ಲೈಬೀರಿಯಾದಲ್ಲಿ 2003ರಲ್ಲಿ ಬಿಳಿ ಬಟ್ಟೆ ತೊಟ್ಟ ಹೆಂಗಸರು ಲೇಮಾ ಬೋವಿ ಅವರ ಮುಂದಾಳತ್ವದಲ್ಲಿ ಮಳೆ ಬಿಸಿಲೆನ್ನದೆ ರಸ್ತೆ ಬದಿ ಕೂತರು. ಸಂಧಾನಕ್ಕೆಂದು ಘಾನಾಕ್ಕೆ ಹೋದ ಗಂಡಸರು ಮಾತು ಎಳೆಯುತ್ತಿದ್ದಾಗ ಅಲ್ಲಿಗೂ ಹೋಗಿ ಬಾಗಿಲಿಗೆ ಅಡ್ಡ ಕೂತರು. ಆ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 2007ರಲ್ಲಿ ಅದೇ ದೇಶಕ್ಕೆ ಶಾಂತಿ ಕಾಯಲು ಹೋದದ್ದು ಭಾರತದ ಮಹಿಳಾ ಪೊಲೀಸ್ ತುಕಡಿ. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಅಂಥ ಮೊದಲ ತುಕಡಿ. ಮೊಜಾಂಬಿಕ್‌ನ ಹದಿನೈದು ವರ್ಷದ ಯುದ್ಧ 1992ರಲ್ಲಿ ರೋಮ್‌ನಲ್ಲಿ ಮುಗಿಯಿತು, ಅಂಗೋಲಾದ ಇಪ್ಪತ್ತೇಳು ವರ್ಷದ ಯುದ್ಧ 2002ರಲ್ಲಿ ನಿಂತಿತು.

ಸುಡಾನಿನಲ್ಲಿ ಅಂಥ ಬೆಳಕು ಕಾಣುವುದು ಅಡುಗೆಮನೆಗಳಲ್ಲಿ. ಅದರ ಕಥೆ ಬ್ರೆಡ್ಡಿನಿಂದಲೇ ಶುರು. 2018ರ ಡಿಸೆಂಬರ್‌ನಲ್ಲಿ ಅತ್ಬರಾ ಎಂಬ ರೈಲ್ವೆ ಪಟ್ಟಣದಲ್ಲಿ ಬ್ರೆಡ್ಡಿನ ಬೆಲೆ 1 ಪೌಂಡಿನಿಂದ 3 ಪೌಂಡಿಗೆ ಜಿಗಿದಾಗ ಮಕ್ಕಳು, ಯುವಕರು ಬೀದಿಗಿಳಿದರು. ನಾಲ್ಕು ತಿಂಗಳಲ್ಲಿ ಬಶೀರ್ ಅವರ ಮೂವತ್ತು ವರ್ಷದ ಆಳ್ವಿಕೆ ಉರುಳಿತು. ಆ ಚಳವಳಿಗಾಗಿ ಓಣಿ ಓಣಿಯಲ್ಲಿ ಹುಟ್ಟಿದ್ದ ಸಮಿತಿಗಳ ಹುಡುಗ ಹುಡುಗಿಯರೇ 2023ರಲ್ಲಿ ಯುದ್ಧ ಬಂದಾಗ ‘ತುರ್ತು ಸ್ಪಂದನ ಕೊಠಡಿ’ಗಳನ್ನು ತೆರೆದರು. ಸರ್ಕಾರ ಓಡಿಹೋಗಿತ್ತು, ವಿದೇಶಿ ನೆರವು ಸಂಸ್ಥೆಗಳೂ ಹೊರಟಿದ್ದವು. ಉಳಿದವರು ಇವರು. ಅಕ್ಕಪಕ್ಕದ ಮನೆಗಳಿಂದ ದೊಡ್ಡ ಪಾತ್ರೆ ತಂದರು, ಬಿಸಿಲಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಮಸೂರ ಬೇಳೆಯ ಗಂಜಿ, ಬೀನ್ಸ್, ಸಿಕ್ಕಾಗ ಜೋಳದ ಅಸೀದಾ. ಡಬ್ಬಿ, ತಂಬಿಗೆ, ಬಕೆಟ್ ಹಿಡಿದ ಮಕ್ಕಳ ಸಾಲು. ಕಡಲಾಚೆ ಇರುವ ಸುಡಾನಿಗಳು ಮೊಬೈಲಿನಲ್ಲಿ ಕಳಿಸುವ ಹಣದಿಂದ ಅಂದಿನ ಬೇಳೆ ಅಂದೇ ಖರೀದಿ.

ಇದಕ್ಕೆ ಅವರಲ್ಲಿ ಒಂದು ಹಳೆಯ ಹೆಸರಿದೆ: ನಫೀರ್. ಒಬ್ಬನ ಹೊಲದ ಕೊಯ್ಲು ಹಿಂದೆ ಬಿದ್ದರೆ, ಒಬ್ಬನ ಮನೆ ಬಿದ್ದರೆ, ಕೂಗು ಹಾಕಿದ ಕೂಡಲೇ ಊರೆಲ್ಲ ಸೇರುವುದು. ನಮ್ಮ ಮುಯ್ಯಾಳಿನ ಸೋದರ ಅದು. ತುರ್ತು ಸ್ಪಂದನ ಕೊಠಡಿಗಳ ಈ ಕೆಲಸಕ್ಕೆ 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ ಬಂತು, ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂತು. ಆದರೆ ಅದೇ ವರ್ಷದ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವು ನಿಲ್ಲಿಸಿದಾಗ ನೂರಾರು ಒಲೆಗಳು ಒಂದೇ ವಾರದಲ್ಲಿ ಆರಿದ್ದವು. ಅಡುಗೆ ಮಾಡುತ್ತಿದ್ದ ಹುಡುಗರನ್ನು ಎರಡೂ ಕಡೆಯ ಪಡೆಗಳು ಹಿಡಿದಿವೆ, ಹೊಡೆದಿವೆ, ಕೊಂದಿವೆ. ಹಸಿದವರಿಗೆ ಉಣ್ಣಿಸುವವನನ್ನು ಎರಡೂ ಪಡೆಗಳು ಶತ್ರುವಿನ ಗೂಢಚಾರ ಎಂದೇ ನೋಡುತ್ತವೆ.

2025ರ ಅಕ್ಟೋಬರ್ 26ರಂದು ಅಲ್ ಫಾಶರ್ ಆರ್‌ಎಸ್‌ಎಫ್ ಕೈಗೆ ಬಿತ್ತು. ಊರಲ್ಲಿ ಕೊನೆಗೆ ಉಳಿದಿದ್ದ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಜೊತೆಗಿದ್ದವರೂ ಸೇರಿ 460ಕ್ಕೂ ಹೆಚ್ಚು ಜನರ ಕೊಲೆಯಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕೊಂದವರು ತಾವೇ ವಿಡಿಯೊ ಮಾಡಿ ಹರಿಬಿಟ್ಟರು. ತಪ್ಪಿಸಿಕೊಂಡವರು 60 ಕಿ.ಮೀ. ದೂರದ ತವೀಲಾ ಕಡೆಗೆ ನಡೆದರು. ನೆಲದ ಮೇಲಿನ ನೆತ್ತರಿನ ಕಲೆಗಳನ್ನು ಉಪಗ್ರಹ ಚಿತ್ರಗಳಲ್ಲಿ ನೋಡಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಗುರುತು ಹಾಕಿದರು. ಮುತ್ತಿಗೆ ನಡೆಯುತ್ತಿದೆ ಎಂದು ಜಗತ್ತಿಗೆ ಗೊತ್ತಿತ್ತು. ಒಂದೂವರೆ ವರ್ಷದಿಂದ ಗೊತ್ತಿತ್ತು. ತಡೆಯಲಿಲ್ಲ.

ನ್ಯಾಯ ತೀರಾ ಸತ್ತಿಲ್ಲ. ಅದರ ನಡಿಗೆ ಮಾತ್ರ ನಿಧಾನ. 2003ರ ದಾರ್ಫುರ್ ಕೊಲೆಗಳಿಗಾಗಿ ಜಂಜಾವೀದ್ ನಾಯಕ ಅಲಿ ಕುಶೈಬ್ ತಪ್ಪಿತಸ್ಥನೆಂದು ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತೀರ್ಪು ಕೊಟ್ಟದ್ದು 2025ರ ಅಕ್ಟೋಬರ್‌ನಲ್ಲಿ. ಇಪ್ಪತ್ತೆರಡು ವರ್ಷ ಬೇಕಾಯಿತು. ಅದೇ ತಿಂಗಳು ಅಲ್ ಫಾಶರ್ ಬಿತ್ತು.

ಮತ್ತೆ ಜೋಳಕ್ಕೆ ಬರುತ್ತೇನೆ. ಖಾರ್ಟೂಮಿನ ದಕ್ಷಿಣಕ್ಕೆ, ಎರಡು ನೈಲ್ ನದಿಗಳ ನಡುವೆ ಗೆಜೀರಾ ಎಂಬ ನೀರಾವರಿ ಬಯಲಿದೆ. ಅದರ ದೊಡ್ಡ ಊರು ವಾದ್ ಮದನಿ. ದೇಶದ ಬೀಜ ಭಂಡಾರ ಇದ್ದದ್ದು ಅಲ್ಲಿ. ರೈತರ ಮನೆಗಳಿಂದ ದಶಕಗಳ ಕಾಲ ಆರಿಸಿ ತಂದ ಜೋಳ, ಸಜ್ಜೆಯ ನಾಟಿ ತಳಿಗಳು ಅಲ್ಲಿ ತಣ್ಣನೆಯ ಪೆಟ್ಟಿಗೆಗಳಲ್ಲಿದ್ದವು. 2023ರ ಡಿಸೆಂಬರ್‌ನಲ್ಲಿ ಊರು ಆರ್‌ಎಸ್‌ಎಫ್ ವಶವಾದ ಮೇಲೆ ಭಂಡಾರ ಲೂಟಿಯಾಯಿತು. ಬೇರೆ ಕಡೆ ಉಳಿದಿದ್ದ ಬೀಜಗಳಲ್ಲಿ ಒಂದಿಷ್ಟನ್ನು ಸುಡಾನಿನ ವಿಜ್ಞಾನಿಗಳು ಜೋಪಾನವಾಗಿ ಕಟ್ಟಿ, 2025ರ ಫೆಬ್ರುವರಿಯಲ್ಲಿ ನಾರ್ವೆಯ ಉತ್ತರ ತುದಿಯ ಸ್ವಾಲ್‌ಬಾರ್ಡ್ ಹಿಮಗುಹೆಯ ಬೀಜ ಖಜಾನೆಗೆ ಕಳಿಸಿದರು. ಅದರಲ್ಲಿ ಜೋಳದ ತಳಿಗಳೂ ಇವೆ.